ಒಂದು ಹನಿ ರಕ್ತದ ಬೆನ್ನು ಹತ್ತಿ ಗಜೇಂದ್ರಗಡಕ್ಕೆ

ಹುಬ್ಬಳ್ಳಿಯಿಂದ ನರಗುಂದಕ್ಕೆ ಬೆಳಗಿನ ಮೊದಲ ಬಸ್ಸು ಹಿಡಿದೆ. ಕಿಟಕಿಯ ಗಾಜು ಪೂರ್ತಿ ಮುಚ್ಚುತ್ತಿರಲಿಲ್ಲ, ಡಿಸೆಂಬರಿನ ಗಾಳಿ ಕಿವಿ ಕಚ್ಚುತ್ತಿತ್ತು. ನವಲಗುಂದ ದಾಟಿದ ಮೇಲೆ ಎರಡೂ ಕಡೆ ಎರೆಹೊಲ, ಕಡಲೆ, ಬಿಳಿಜೋಳ. ಆಮೇಲೆ ಬಯಲಿನಲ್ಲಿ ಒಂಟಿಯಾಗಿ ಎದ್ದು ನಿಂತ ನರಗುಂದದ ಗುಡ್ಡ. ನನ್ನನ್ನು ಕರೆದವಳು ಅಕ್ಕನ ಮಗಳು ಸುನಂದಾ. ರಕ್ತದಲ್ಲಿ ಕ್ಯಾನ್ಸರಿನ ಸುಳಿವು ಹುಡುಕುವ ಬಯೋಚಿಪ್ ಒಂದನ್ನು ಅವಳ ಪ್ರಯೋಗಾಲಯ ರೂಪಿಸುತ್ತಿದೆ. ಅದನ್ನು ಪರೀಕ್ಷಿಸಲು ಮೂರು ಊರುಗಳಿಂದ ರಕ್ತದ ಮಾದರಿ ಬೇಕಿತ್ತು. "ಮಾಮಾ, ನೀವು ಯಾವುದನ್ನೂ ನಂಬಂಗಿಲ್ಲ. ನಂಬಬ್ಯಾಡ್ರಿ, ಬಂದು ನೋಡ್ರಿ," ಎಂದಿದ್ದಳು.

ನರಗುಂದದಲ್ಲಿ ಎಣ್ಣೆ ವ್ಯಾಪಾರಿ ಗುರಪ್ಪನವರ ಪಡಸಾಲೆಯೇ ನಮ್ಮ ದವಾಖಾನೆ. ರಕ್ತ ಕೊಡುವವರು ರಾತ್ರಿಯಿಂದ ಉಪವಾಸವಿದ್ದು ಬರಬೇಕೆಂದು ಸುನಂದಾ ಮೊದಲೇ ಹೇಳಿ ಕಳಿಸಿದ್ದಳು. ತಿಂದ ಜಿಡ್ಡು ರಕ್ತಕ್ಕಿಳಿದರೆ ಚಿಪ್ ಹುಡುಕುವ ಕಣಗಳು ಅದರಲ್ಲೇ ಮುಚ್ಚಿಹೋಗುತ್ತವೆ. ರಕ್ತ ತೆಗೆದು, ಕೊಳವೆಗಳನ್ನು ಸುನಂದಾ ತಂದಿದ್ದ ಜೀಪಿನೊಳಗಿನ ಯಂತ್ರದಲ್ಲಿ ಗಿರಗಿರನೆ ತಿರುಗಿಸಿ ನೋಡಿದರೆ, ಮೇಲೆ ತಿಳಿಹಳದಿಯಾಗಿ ನಿಲ್ಲಬೇಕಿದ್ದ ದ್ರವ ಮಜ್ಜಿಗೆಯಂತೆ ಬೆಳ್ಳಗಿತ್ತು.

"ಗುರಪ್ಪಣ್ಣಾ, ಏನ್ ತಿನಿಸೀರಿ ಇವ್ರಿಗೆ?"

"ಏನೂ ಇಲ್ಲವಾ. ಉಪವಾಸ ಅಂದಿದ್ದಿ, ಒಬ್ರೂ ರೊಟ್ಟಿ ಮುಟ್ಟಿಲ್ಲ. ಫಳಾರ ಅಷ್ಟ ಮಾಡ್ಯಾರ. ಸಾಬುದಾಣಿ ಖಿಚಡಿ, ಎರಡೆರಡು ಶೇಂಗಾ ಉಂಡಿ. ತುಪ್ಪ ಮನೀದು, ಭಾಳ ಚಲೋ ಐತಿ."

ಸುನಂದಾ ನಗುತ್ತ ಕಟ್ಟೆಯ ಮೇಲೆ ಕೂತೇಬಿಟ್ಟಳು. "ರಕ್ತ ಅಂತೂ ಹೋತು, ನಮಗೂ ಖಿಚಡಿ ಕೊಡ್ರಿ." ಗುರಪ್ಪ ಬೇಸರಪಟ್ಟುಕೊಂಡರು. "ಮುಂದಿನ ಸಲ ಉಪವಾಸ ಇಲ್ಲದ ದಿನ ಬಾರವಾ, ಅವತ್ತ ಯಾರಿಗೂ ಏನೂ ಕೊಡಂಗಿಲ್ಲ."

ರೋಣಕ್ಕೆ ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು. ಅಲ್ಲಿಯ ಮಾದರಿಗಳನ್ನು ತೆಗೆದುಕೊಂಡು, ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ ಉಂಡೆವು. ಕೆನೆಮೊಸರೂ ಇತ್ತೆಂದು ನೆನಪು, ಸುನಂದಾ ಇರಲಿಲ್ಲ ಎನ್ನುತ್ತಾಳೆ. ಊಟದ ನಂತರ ಅವಳು ಚಿಪ್ ತೋರಿಸಿದಳು. ಅಂಚೆಚೀಟಿಯಷ್ಟು ದೊಡ್ಡ ಗಾಜು, ಅದರೊಳಗೆ ಕೂದಲೆಳೆಯಂಥ ಕಾಲುವೆಗಳು. ನಮ್ಮ ಮೈಯ ಕೋಶಗಳೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳನ್ನು ರಕ್ತಕ್ಕೆ ಬಿಡುತ್ತಿರುತ್ತವೆ. ಕ್ಯಾನ್ಸರಿನ ಕೋಶ ಬಿಟ್ಟ ಚೀಲದ ಮೇಲೆ ಅದರದೇ ಗುರುತು ಇರುತ್ತದೆ. ಆ ಗುರುತು ಹಿಡಿಯುವ ಅಣುಗಳನ್ನು ಕಾಲುವೆಯ ಗೋಡೆಗೆ ಅಂಟಿಸಿದ್ದಾರೆ. ನಾನು ಜೀವಶಾಸ್ತ್ರ ಓದುವಾಗ ಈ ಚೀಲಗಳನ್ನು ಕೋಶದ ಕಸ ಎಂದು ಕಲಿಸಿದ್ದರು. ಹಾಗೆಂದು ನನ್ನ ನೆನಪು, ತಪ್ಪಿದ್ದರೂ ಇರಬಹುದು. ಜೋಳದ ರಾಶಿಯಲ್ಲಿ ಸಾಸಿವೆ ಹುಡುಕಿದಂತೆ ಎಂದು ನಾನು ಗೊಣಗುತ್ತಿರುವಾಗಲೇ ಅವಳು ಪ್ರಯೋಗಾಲಯದಿಂದ ತಂದ, ರೋಗ ಖಚಿತವಾಗಿದ್ದ ಒಬ್ಬರ ಮಾದರಿಯನ್ನು ಹರಿಸಿದಳು. ಬಹಳ ಹೊತ್ತಿನ ಮೇಲೆ, ಚಿಪ್ ಜೋಡಿಸಿದ್ದ ಯಂತ್ರದ ಕರಿಯ ಪರದೆಯಲ್ಲಿ, ಸಿಕ್ಕ ಚೀಲಕ್ಕೊಂದರಂತೆ ಹಸಿರು ಚುಕ್ಕೆಗಳು ಒಂದೊಂದಾಗಿ ಹೊತ್ತಿಕೊಂಡವು. ಕಸವೆಂದು ಬಿಟ್ಟದ್ದು ಹೀಗೆ ಮಾತಾಡುತ್ತದೆಂದು ಯಾರಿಗೆ ಗೊತ್ತಿತ್ತು?

ಗಜೇಂದ್ರಗಡದ ಗುಡ್ಡದ ನೆತ್ತಿಯ ಗಾಳಿಯಂತ್ರಗಳು ದೂರದಿಂದಲೇ ಕಂಡವು. ಅಲ್ಲಿ ಕಾಳಿನ ವ್ಯಾಪಾರಿ ಮಹಬೂಬಸಾಬರು ನಮಗಾಗಿ ಕಾದಿದ್ದರು. ಅವರ ಕೆನ್ನೆಯ ಒಳಗೆ ಬಿಳಿ ಮಚ್ಚೆ ಎದ್ದಿದೆ. ಒಂದು ತುಣುಕು ಕೊಯ್ದು ಪರೀಕ್ಷಿಸಬೇಕೆಂದು ಡಾಕ್ಟರು ಹೇಳಿ ತಿಂಗಳುಗಳಾಗಿವೆ. ಇವರು ಇವತ್ತು ನಾಳೆ ಎನ್ನುತ್ತ ಬಂದಿದ್ದಾರೆ. ಅದೇ ಚಿಂತೆಯಲ್ಲಿ ಹೆಂಡತಿ ರಾಜಮಾ ಬಾಗಿಲಲ್ಲೇ ನಿಂತಿದ್ದರು.

ರಕ್ತ ತೆಗೆಯಲು ಕೂತ ಸುನಂದಾಳಿಗೆ ಸಾಬರ ಕೈಯಲ್ಲಿ ನರವೇ ಸಿಗಲಿಲ್ಲ. "ನೀರು ಕುಡದೀರಿಲ್ಲೋ ಚಾಚಾ?"

"ಹನಿ ನೀರೂ ಇಲ್ಲ ಬೇಟಿ. ರೋಜಾ ಹಿಡಿಯೋ ಮಂದಿ ನಾವು. ಉಪವಾಸ ನಮಗ ಕಲಸ್ತೀ ಏನು?"

"ನೀರು ಕುಡೀರಿ ಅಂತ ಹೇಳಿದ್ನಲ್ರಿ!"

"ಹಟ ಒಂದ ತುಂಬೇತ್ರಿ ಇವ್ರ ಮೈಯಾಗ, ರಕ್ತ ಎಲ್ಲಿಂದ ಬರಬೇಕು?" ಎನ್ನುತ್ತ ರಾಜಮಾ ಚರಿಗೆ ತುಂಬ ನೀರು ತಂದರು. ಕುಡಿದು ಸ್ವಲ್ಪ ಹೊತ್ತಾದ ಮೇಲೆ ನರ ಎದ್ದಿತು.

ಆ ರಕ್ತವನ್ನು ಅಲ್ಲೇ ಚಿಪ್‌ನಲ್ಲಿ ಹರಿಸಿದರೂ ಫಲಿತಾಂಶ ತೋರಿಸುವ ಉದ್ದೇಶ ಸುನಂದಾಳಿಗೆ ಇರಲಿಲ್ಲ. ಆದರೆ ಸಾಬರು ಅವಳ ಹೆಗಲ ಮೇಲಿಂದ ಇಣುಕಿದರು. ಪರದೆ ಕಪ್ಪಾಗಿಯೇ ಉಳಿದಿತ್ತು. "ಏನೂ ಇಲ್ಲ! ಆತಲ್ಲ, ಇನ್ನ ಕೊಯ್ಸೋ ಮಾತ ಬಿಡ್ರಿ," ಎಂದು ಹೆಂಡತಿಯತ್ತ ತಿರುಗಿದರು. ರಾಜಮಾ ನಮಗೆ ಕೊಡುತ್ತಿದ್ದ ಚಹಾ ಕೆಳಗಿಟ್ಟು ಸುನಂದಾಳ ಮುಖ ನೋಡಿದರು.

"ಇಲ್ಲ ಚಾಚಾ, ಕೊಯ್ಸಲೇಬೇಕು. ಇದರ ಮಾತ ಇನ್ನೂ ಯಾರೂ ನಂಬೂವಂಗಿಲ್ಲ."

"ನಿನ್ನ ಯಂತ್ರ ನೀನ ನಂಬಂಗಿಲ್ಲಂದ್ರ ನನ್ನ ರಕ್ತ ಯಾಕ ಹೀರಿದಿ?"

ಸುನಂದಾ ಮನೆಯ ಮುಂದಿನ ಅವರ ಕಾಳಿನ ಅಂಗಡಿಯ ಕಡೆ ಕೈ ಮಾಡಿದಳು. "ಹೊಸಾ ತಕ್ಕಡಿ ತಂದ್ರ ಮೊದಲ ಏನ್ ಮಾಡ್ತೀರಿ?"

"ತೂಕ ಗೊತ್ತಿದ್ದ ಕಲ್ಲು ಇಟ್ಟು ನೋಡ್ತೀವಿ."

"ನಿಮ್ಮ ಬಾಯಾಗಿನ ತುಣುಕು ಆ ಕಲ್ಲು. ದವಾಖಾನಿ ಅದನ್ನ ನೋಡಿ ಹೇಳಿದ ಮ್ಯಾಲೆನ ನನ್ನ ತಕ್ಕಡಿ ಖರೇನೋ ಸುಳ್ಳೋ ಗೊತ್ತಾಗೋದು. ಇಲ್ಲಾಂದ್ರ ಈ ರಕ್ತ ದಂಡ."

ಸಾಬರು ಗಡ್ಡ ನೀವುತ್ತ ಕೂತರು. "ಅಂದ್ರ ನಾ ನಿನ್ನ ಯಂತ್ರದ ಪರೀಕ್ಷಾ ಮಾಡೋಂವ?"

"ನೀವ."

ಅವರು ಎದ್ದು ಟೋಪಿ ಸರಿಮಾಡಿಕೊಂಡು ಜೀಪಿನತ್ತ ಹೊರಟರು. ರಾಜಮಾ ಸೆರಗಿನಿಂದ ಕಣ್ಣೊರೆಸಿಕೊಂಡು ನನಗೆ ಹೇಳಿದರು: "ನಾ ಅತ್ತು ಕರದ್ರ ಬರ್ಲಿಲ್ಲ, ತಕ್ಕಡಿ ಸಲುವಾಗಿ ಹೊಂಟ್ರು ನೋಡ್ರಿ!" ಜೀಪಿನಲ್ಲಿ ಅವರಿಗೂ ಜಾಗ ಮಾಡಿದೆವು. ಸಂಜೆಯ ಬೆಳಕಿನಲ್ಲಿ ಗುಡ್ಡ ಹಿಂದೆ ಸರಿಯಿತು. ಸುನಂದಾಳಂತೆ ತಾವು ಕಟ್ಟಿದ್ದನ್ನೇ ಇಷ್ಟು ನಿರ್ದಯವಾಗಿ ಒರೆಗೆ ಹಚ್ಚುವವರನ್ನು ನಾನು ಕಲಿಸಿದ ವಿಶ್ವವಿದ್ಯಾಲಯದಲ್ಲೂ ಹೆಚ್ಚು ಕಂಡಿಲ್ಲ.

ಹುಬ್ಬಳ್ಳಿಯಲ್ಲಿ ತುಣುಕು ಕೊಯ್ದರು. ಕ್ಯಾನ್ಸರು ಆಗಷ್ಟೇ ಮೊಳೆತಿತ್ತು. ಚಿಪ್ ಅದನ್ನು ಕಂಡಿರಲಿಲ್ಲ. ಹೊತ್ತು ಮೀರಿಲ್ಲವೆಂದು ಡಾಕ್ಟರು ಮಚ್ಚೆಯನ್ನು ಪೂರ್ತಿ ತೆಗೆದುಹಾಕಿದರು. ಕೆಲವು ದಿನಗಳ ಮೇಲೆ ಸಾಬರ ಫೋನು ಬಂತು. ಹೊಲಿಗೆ ಹಾಕಿದ ಕೆನ್ನೆ, ಅರ್ಧ ಬಾಯಲ್ಲೇ ಮಾತು.

"ಸಾಹೇಬ್ರ, ಬೇಟಿಗೆ ಹೇಳ್ರಿ, ಆಕಿ ತಕ್ಕಡಿ ಕಮ್ಮಿ ತೂಗೇತಿ. ಬೇಜಾರ ಮಾಡ್ಕೋಬ್ಯಾಡ ಅನ್ರಿ. ದುರಸ್ತಿ ಮಾಡ್ಕೊಂಡು ಲಗೂ ಬರ್ಲಿ, ನನ್ನ ಕೈ ಇಲ್ಲೇ ಐತಿ."