ಒಂದೇ ಡಬ್ಬಿಯಲ್ಲಿ ಫಿರ್ಯಾದಿ, ಆರೋಪಿಗಳು

ತಿಕೋಟಾದಲ್ಲಿ ಬಸ್ಸು ಹತ್ತಿದ ಶಾಂತವ್ವನವರು ನನ್ನ ಪಕ್ಕ ಕೂತು, ಸ್ಟೀಲಿನ ಊಟದ ಡಬ್ಬಿಯೊಂದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಒಳಗಿದ್ದುದು ರೊಟ್ಟಿಯಲ್ಲ, ನಿನ್ನೆ ಸಂಜೆ ಅವರ ದ್ರಾಕ್ಷಿ ತೋಟದಲ್ಲಿ ಕಿತ್ತ ಒಂದು ಎಲೆ, ಅದನ್ನು ಮೇಯುತ್ತಿದ್ದ ನಾಲ್ಕು ಹಸಿರು ಹುಳ. ವಿಜಯಪುರದ ಕೃಷಿ ತಜ್ಞರಿಗೆ ತೋರಿಸಿ ಔಷಧ ಕೇಳಬೇಕಿತ್ತು. ಫಿರ್ಯಾದಿಯನ್ನೂ ಆರೋಪಿಗಳನ್ನೂ ಒಂದೇ ಕೋಣೆಯಲ್ಲಿ ಕೂಡಿಹಾಕಿದ ವ್ಯವಸ್ಥೆ ನನಗೆ ಸರಿಕಾಣಲಿಲ್ಲ.

"ಈ ವರ್ಷ ಎಲಿ ಭಾಳ ದೊಡ್ಡ ಆಗ್ಯಾವ್ರಿ," ಎಂದರು. "ಮಂದಿ ನೋಡಿ ಚಲೋ ಬಂತಂದ್ರು. ಹುಳಾನೂ ಹಂಗ ಅಂದಿರಬೇಕು."

ಮುಂದಿನ ಸೀಟಿನಲ್ಲಿದ್ದ, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಮೇಡಂ ತಿರುಗಿ ಕೂತರು. "ಗಾಳ್ಯಾಗ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಾಕತ್ತೈತ್ರಿ ಅಕ್ಕಾರ. ಅದರಿಂದ ಎಲಿ ದೊಡ್ಡ ಆಗಬಹುದು, ಆದ್ರ ಒಳಗಿನ ಸತ್ವ ಕಡಿಮಿ ಆಗತೈತಿ. ಆಗ ಹುಳ ಮೊದಲಿಗಿಂತ ಹೆಚ್ಚಿಗಿ ತಿಂತಾವ."

"ನೀರ ಮಜ್ಜಿಗಿ ಬಡಿಸಿದಂಗಾತಲ್ಲ ಯವ್ವಾ! ಎಷ್ಟ ಕುಡದ್ರೂ ಹಸಿವಿ ಹೋಗಂಗಿಲ್ಲ."

ನಾವು ಮೂವರೂ ನಕ್ಕೆವು. ನಮ್ಮ ಬಸ್ಸು ಮಾತ್ರ ಗಾಂಭೀರ್ಯದಿಂದ ರಸ್ತೆಯುದ್ದಕ್ಕೂ ಕಪ್ಪು ಹೊಗೆ ದಾನ ಮಾಡುತ್ತ ಸಾಗಿತ್ತು.

ವಿಜಯಪುರ ಹತ್ತಿರವಾದಾಗ ಶಾಂತವ್ವನವರು ಮೇಡಂಗೆ ತೋರಿಸಲೆಂದು ಮುಚ್ಚಳ ತೆಗೆದರು. ಫಿರ್ಯಾದಿ ಇರಲಿಲ್ಲ. ಎಲೆಯ ನರಗಳ ಒಂದು ಜಾಲರಿಯಷ್ಟೇ ಉಳಿದಿತ್ತು. ನಾಲ್ಕೂ ಹುಳಗಳು ಡಬ್ಬಿಯ ಅಂಚಿಗೆ ಹತ್ತಿ, ತಲೆಯೆತ್ತಿ ಏನನ್ನೋ ಹುಡುಕುತ್ತಿದ್ದವು.

ಯಾರೂ ನಗಲಿಲ್ಲ.

"ಇಲ್ಲಿ ನಾಕ ಅದಾವ್ರಿ," ಎಂದರು ಶಾಂತವ್ವ ಮೆಲ್ಲಗೆ. "ತೋಟದಾಗ ಉಳದಾವು ಈಗ ಏನ ಮಾಡಾಕತ್ತಾವೊ."

ಮುಚ್ಚಳ ಬಿಗಿದು, ನಿಲ್ದಾಣ ಇನ್ನೂ ದೂರವಿದ್ದಾಗಲೇ ಎದ್ದು ಬಾಗಿಲ ಬಳಿ ನಿಂತರು.