ಖಾಲಿ ಸೀಟಿನ ದುಡ್ಡು

ಸತ್ತವರ ಟಿಕೆಟ್ ದುಡ್ಡನ್ನ ಟ್ರಾವೆಲ್ಸ್‌ನೋರು ವಾಪಸ್ ಕೊಡಬೇಕೋ ಬೇಡವೋ ಅಂತ ಯಾರಾದರೂ ನನ್ನ ಮುಂದೆ ನ್ಯಾಯ ಹೇಳೋಕೆ ಬಂದರೆ, ಮೊದಲು ಅವರಿಗೊಂದು ಲೋಟ ಕಾಫಿ ಕೊಡ್ತೀನಿ. ಆಮೇಲೆ ಕಾಗೆ ಕಥೆ ಹೇಳ್ತೀನಿ. ಕಾಫಿ ಆರೋದ್ರೊಳಗೆ ಅವರ ನ್ಯಾಯವೂ ಆರಿರುತ್ತೆ.

ನಾವು ಮೈಸೂರು ಕಡೆಯವರು. ಮದುವೆಯಾಗಿ ಈ ತಮಿಳರ ಊರಿಗೆ ಬಂದಾಗಿನಿಂದ ಪುರಸೈವಾಕ್ಕಂನಲ್ಲೇ ಇದ್ದೀನಿ. ನಮ್ಮನೆಯವರು ರೈಲ್ವೇಲಿದ್ದರು. ಪಾಸ್ ಇತ್ತು ಅಂತ ಎಲ್ಲಿಗೆ ಕರ್ಕೊಂಡು ಹೋದ್ರು ಅಂತೀರಾ? ಮೈಸೂರಿಗೆ. ಮತ್ತೆ ಮೈಸೂರಿಂದ ವಾಪಸ್. ಅದರಲ್ಲೂ ಕಿಟಕಿ ಪಕ್ಕದ ಸೀಟು ಯಾವಾಗಲೂ ಅವರಿಗೇ ಬೇಕು. "ಸಿಗ್ನಲ್ ನೋಡ್ಬೇಕು ಕಣೇ" ಅನ್ನೋರು. ಏನೋ ಇವರು ನೋಡದಿದ್ರೆ ರೈಲು ನಿಂತೇಬಿಡುತ್ತೆ ಅನ್ನೋ ಹಾಗೆ! ನಾನು ಜೀವಮಾನವೆಲ್ಲ ದಾರಿ ಪಕ್ಕ ಕೂತು, ಹೋಗೋ ಬರೋರ ಚೀಲ ಭುಜಕ್ಕೆ ತಗುಲಿಸಿಕೊಂಡು ಓಡಾಡಿದವಳು.

ರಿಟೈರಾದ ಮೇಲೆ ಒಂದು ದಿನ ಕಾಶಿಗೆ ಹೋಗೋಣ ಅಂದ್ರು. ರೈಲು ಬೇಡ, ಯಾತ್ರೆ ಬಸ್ಸಲ್ಲಿ ಹೋಗೋಣ, ಹಿಂದೆ ಅಡುಗೆ ವ್ಯಾನ್ ಬರುತ್ತೆ, ನಮ್ಮ ಸಾರು ನಮ್ಮ ಪಲ್ಯ ಅಂದ್ರು. ನಾನು ಒಂದೇ ಕರಾರು ಹಾಕಿದೆ, ಕಿಟಕಿ ನನಗೆ ಬೇಕು ಅಂತ. ತಲೆ ಕೆರ್ಕೊಂಡು ಯೋಚನೆ ಮಾಡಿ, "ಹೋಗೋವಾಗ ನಂದು, ಬರೋವಾಗ ನಿಂದು" ಅಂತ ರಾಜಿ ಮಾಡ್ಕೊಂಡ್ರು.

ಈ ಊರಲ್ಲಿರೋ ಕನ್ನಡದವರಿಗೆ ಒಂದು ಕಾಯಿಲೆ ಇದೆ. ದಿನವಿಡೀ ತಮಿಳು ಕೇಳಿ ಕೇಳಿ, ಯಾವನಾದರೂ "ಬನ್ನಿ ಸಾರ್, ಕೂತ್ಕೊಳ್ಳಿ, ಊರು ಯಾವ ಕಡೆ?" ಅಂದುಬಿಟ್ಟರೆ ಸಾಕು, ಅವನು ಸೋದರತ್ತೆ ಮಗ ಅನ್ನಿಸಿಬಿಡುತ್ತೆ. ನಮ್ಮ ಪುರಸೈವಾಕ್ಕಂನಲ್ಲೇ ಆಫೀಸಿಟ್ಟು ಯಾತ್ರೆ ಬಸ್ ಬಿಡೋ ಟ್ರಾವೆಲ್ಸ್ ಮಾಲೀಕ ಹಾಗೇ ಅಂದ. ಅವನನ್ನ ಇನ್ನು ಮೇಲೆ ಪುಣ್ಯಾತ್ಮ ಅಂತೀನಿ, ನನ್ನ ಬಾಯಲ್ಲಿ ಬರೋ ಬೇರೆ ಹೆಸರು ಬರೆಯೋ ಹಾಗಿಲ್ಲ. ನಮ್ಮನೆಯವರು ಕರಗಿ ನೀರಾಗಿ, ಪೂರ್ತಿ ದುಡ್ಡು ಮುಂಗಡವಾಗಿ ಎಣಿಸಿ ಕೊಟ್ಟು ಬಂದರು. "ಏನು ಎತ್ತ ಕೇಳಿದ್ರಾ?" ಅಂದರೆ, "ನಮ್ಮೋನು ಕಣೇ" ಅಂದ್ರು.

ಹೊರಡೋ ದಿನ ಹತ್ತಿರ ಬರ್ತಾ ಇತ್ತು. ಒಂದು ಬೆಳಿಗ್ಗೆ ಹಲ್ಲುಜ್ಜಿ ಬಂದು ಎದೆ ಹಿಡ್ಕೊಂಡ್ರು. ಕೀಲ್ಪಾಕ್ ಆಸ್ಪತ್ರೆಗೆ ಆಟೋದಲ್ಲಿ ಕರ್ಕೊಂಡು ಹೋದೆ. ಬರೋವಾಗ ಅವರಿರಲಿಲ್ಲ.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಪುಣ್ಯಾತ್ಮನ ಹತ್ರ ಹೋದೆ. ವರ್ಷ ತುಂಬೋ ತನಕ ನಮ್ಮಲ್ಲಿ ತೀರ್ಥಯಾತ್ರೆ ಇಲ್ಲ, ಎರಡೂ ಟಿಕೆಟ್ ವಾಪಸ್ ತಗೊಳ್ಳಪ್ಪಾ ಅಂದೆ. ಅವನು ಪಾಪ, ಕಣ್ಣು ಒದ್ದೆ ಮಾಡ್ಕೊಂಡ. ನೀರು ತರಿಸಿ ಕೊಟ್ಟ. ಆಮೇಲೆ ಹೇಳ್ತಾನೆ, "ನಿಮ್ಮದನ್ನ ಕ್ಯಾನ್ಸಲ್ ಮಾಡ್ತೀನಮ್ಮಾ, ಏನೋ ಸ್ವಲ್ಪ ಹಿಡ್ಕೊಂಡು ಕೊಡ್ತೀನಿ. ಸಾರ್‌ದು ಮಾತ್ರ ಆಗಲ್ಲ. ಪ್ಯಾಸೆಂಜರ್ ಖುದ್ದಾಗಿ ಬಂದು ಹೇಳ್ಬೇಕು. ಇಲ್ಲಾಂದ್ರೆ ನಮ್ಮಲ್ಲಿ ಅದು 'ಬರಲಿಲ್ಲ' ಅಂತಲೇ ಲೆಕ್ಕ."

ಇವನಿಗೆ ಅರ್ಥವಾಗಿಲ್ಲವೇನೋ ಅಂದ್ಕೊಂಡು, "ಅವರು ತೀರ್ಕೊಂಡಿದಾರಪ್ಪಾ" ಅಂದೆ.

"ಗೊತ್ತಮ್ಮಾ. ದೇವರಂಥ ಮನುಷ್ಯ. ಆದ್ರೆ ರೂಲ್ಸು ಒಬ್ಬರಿಗೊಂದು ಇನ್ನೊಬ್ಬರಿಗೊಂದು ಆಗುತ್ತಾ?"

ನನ್ನ ಕೋಪ ನೆತ್ತಿಗೇರಿತು. ಬರಲಿಲ್ಲವಂತೆ! ಇವನ ಬಸ್ಸಿಗೆ ಅಂತ ಹೊಸ ಸ್ವೆಟರ್ ತಗೊಂಡು, ಮನೆಯೊಳಗೇ ಹಾಕ್ಕೊಂಡು ಬೆವರುತ್ತಾ ಓಡಾಡಿದ ಮನುಷ್ಯ ಬರಲಿಲ್ಲವಂತೆ. ಹೆಣದ ಬಾಯಿಗೆ ಹಾಕಿದ ಅಕ್ಕಿ ಕಾಳನ್ನೂ ಆರಿಸ್ಕೊಳ್ಳೋ ಜಾತಿ!

ನನ್ನ ಮಗಳು ಇಲ್ಲೇ ಓದಿ ಬೆಳೆದವಳು. ನಾನು ಕನ್ನಡದಲ್ಲಿ ಕೂಗಾಡಿದರೆ ಅವಳು ತಮಿಳಲ್ಲಿ ಸಮಾಧಾನ ಹೇಳ್ತಾಳೆ. "ವಿಡು ಮಾ" ಅಂದಳು, ಬಿಟ್ಟುಬಿಡು ಅಂತ. ಒಂದು ಸೀಟು ಖಾಲಿ ಹೋದರೂ ಬಸ್ಸು ಕುಡಿಯೋ ಡೀಸೆಲ್ ಅಷ್ಟೇ, ಅಡುಗೆಯವರ ಸಂಬಳ ಅಷ್ಟೇ, ಅವರಿಗೂ ನಷ್ಟ ತಾನೆ ಅಂತ ವಕಾಲತ್ತು ಮಾಡಿದಳು. ಒಂದು ಗಳಿಗೆ ನನಗೂ ಹೌದಲ್ವಾ ಅನ್ನಿಸಿತು, ಸುಳ್ಳು ಯಾಕೆ ಹೇಳ್ಲಿ.

ಆದರೂ ಮನಸ್ಸಿನ ಮೂಲೇಲಿ ಒಂದು ಹುಳ ಕೊರೀತಿತ್ತು. ಮಗಳ ಫೋನಿಂದ ಪುಣ್ಯಾತ್ಮನಿಗೆ ಫೋನ್ ಮಾಡಿ, ಯಾರೋ ಬೇರೆಯವಳ ಹಾಗೆ ತಮಿಳಲ್ಲಿ ಮಾತಾಡಿದೆ. ಇಷ್ಟು ವರ್ಷ ಈ ಊರ ನೀರು ಕುಡಿದಿದ್ದೀನಲ್ಲ, ಯಾರ ಅಪ್ಪನಿಗೂ ಗುರುತು ಸಿಗಲ್ಲ. ಕಾಶಿ ಬಸ್ಸಲ್ಲಿ ಜಾಗ ಇದೆಯಾ ಅಂದೆ. "ನೀಂಗ ಲಕ್ಕಿ ಮಾ!" ಅಂದ. ಕಿಟಕಿ ಪಕ್ಕದ್ದೇ ಒಂದು ಸೀಟು ಖಾಲಿಯಾಗಿದೆಯಂತೆ, ಬೇರೆ ಯಾರೋ ಕೇಳ್ತಿದಾರಂತೆ, ಬೇಗ ದುಡ್ಡು ಕಟ್ಟಬೇಕಂತೆ.

ನಾನು ಫೋನ್ ಇಟ್ಟೆ. ಅತ್ತುಬಿಟ್ಟೆ ಅನ್ಕೊಂಡ್ರಾ? ಇಲ್ಲ. ಅವರು ಹೋದ ಮೇಲೆ ಮೊದಲನೇ ಸಲ ಹೊಟ್ಟೆ ತುಂಬ ಊಟ ಮಾಡಿದೆ.

ನಮ್ಮಲ್ಲಿ ವರ್ಷದೊಳಗೆ ಯಾತ್ರೆ ಇಲ್ಲ ಅಂದೆನಲ್ಲ, ಅದಕ್ಕೊಂದು ವಿನಾಯಿತಿ ಇದೆ. ಅಸ್ಥಿ ಬಿಡೋಕೆ ಹೋಗಬಹುದು. ನನ್ನ ಟಿಕೆಟ್ ನಾನಿನ್ನೂ ಕ್ಯಾನ್ಸಲ್ ಮಾಡಿಸಿರಲಿಲ್ಲ. ಕಾಶಿಗೆ ಅಂತ ಸ್ವಲ್ಪ ಅಸ್ಥಿ ತೆಗೆದಿಟ್ಟಿದ್ದೆವು. ಮನೆಯೊಳಗೆ ಇಡೋ ಹಾಗಿಲ್ಲ ಅಂತ ಅದು ಸ್ಮಶಾನದ ಕಪಾಟಿನಲ್ಲೇ ಇತ್ತು. ಹೊರಡೋ ದಿನ ಬೆಳಿಗ್ಗೆ ಅದನ್ನ ಬಿಡಿಸ್ಕೊಂಡು, ಕುಡಿಕೆಗೆ ಹೊಸ ಬಟ್ಟೆ ಕಟ್ಟಿ, ಅದರ ಮೇಲೆ ಅವರ ಸ್ವೆಟರ್ ಸುತ್ತಿ, ಬಸ್ಸಿನ ಹತ್ರ ಬಂದೆ.

ಪುಣ್ಯಾತ್ಮ ಬಸ್ಸಿನ ಮುಂದೆ ತೆಂಗಿನಕಾಯಿ ಹಿಡ್ಕೊಂಡು ನಿಂತಿದ್ದ, ಒಡೆಯೋಕೆ. ನಾನು ಸೀದಾ ಹತ್ತಿದೆ. ಕಿಟಕಿ ಪಕ್ಕದಲ್ಲಿ ಇದೇ ಊರಿನ ಮಣಲಿ ಕಡೆಯಿಂದ ಬಂದ ಒಬ್ಬರು ಅಜ್ಜಿ ಕೂತಿದ್ದರು. "ಅಮ್ಮಾ, ಇದು ನಮ್ಮನೆಯವರ ಸೀಟು" ಅಂದೆ. ಅವರು ತಮ್ಮ ಟಿಕೆಟ್ ತೋರಿಸಿದರು. ನಾನು ನಮ್ಮದನ್ನ ತೋರಿಸಿದೆ. ಎರಡರಲ್ಲೂ ಅದೇ ಸೀಟು.

"ನಿಮ್ಮ ಯಜಮಾನ್ರು ಎಲ್ಲಿ?" ಅಂದರು ಅಜ್ಜಿ.

ಸ್ವೆಟರ್ ಬಿಚ್ಚಿ ತೋರಿಸಿದೆ. ಅಜ್ಜಿ ಎದ್ದ ಸ್ಪೀಡು ನೋಡಬೇಕಿತ್ತು!

ಗಲಾಟೆಗೆ ಪುಣ್ಯಾತ್ಮ ಓಡಿ ಬಂದ. "ಏನಮ್ಮಾ ಇದು, ಮಂಗಳ ಕಾರ್ಯಕ್ಕೆ ಹೊರಟಾಗ..." ಅಂದ. ನಾನು ಬಸ್ಸಿಗೆಲ್ಲ ಕೇಳೋ ಹಾಗೆ ಹೇಳಿದೆ, "ನೀನೇ ಹೇಳಿದ್ಯಲ್ಲಪ್ಪಾ, ಪ್ಯಾಸೆಂಜರ್ ಖುದ್ದಾಗಿ ಬರಬೇಕು ಅಂತ. ಬಂದಿದಾರೆ. ಕೇಳು."

ಬಸ್ಸು ತುಂಬ ನಮ್ಮವರೇ. ಕೆಲವರು ಮಡಿ ಅಂದರು, ಮೈಲಿಗೆ ಅಂದರು. ನಾನು ಒಂದು ಸೀಟನ್ನ ಎರಡು ಸಲ ಮಾರಿದ ಕಥೆ ಬಿಚ್ಚಿಟ್ಟೆ. ಹಿಂದಿನ ಸೀಟಿನಲ್ಲಿ ಬ್ಯಾಂಕಿನಿಂದ ರಿಟೈರಾದ ಒಬ್ಬರಿದ್ದರು. "ಕಾಶಿಗೆ ಅಸ್ಥಿ ಹೋಗದೆ ಇನ್ನೇನು ಹೋಗುತ್ತೆ? ಗಾಡಿ ಬಿಡಯ್ಯಾ" ಅಂತ ಗದರಿದರು. ಅಜ್ಜಿಗೆ ಡ್ರೈವರ್ ಪಕ್ಕದ ಮಾಲೀಕನ ಸೀಟು ಸಿಕ್ಕಿತು. ಮಾಲೀಕನಿಗೆ ಅಡುಗೆ ವ್ಯಾನಿನ ಅಕ್ಕಿ ಮೂಟೆ ಸಿಕ್ಕಿತು.

ಅಷ್ಟಕ್ಕೇ ಬಿಡ್ತೀನಾ ನಾನು? ನೆಲ್ಲೂರು ದಾಟಿ ಒಂದು ಮಾವಿನ ತೋಪಿನಲ್ಲಿ ಊಟಕ್ಕೆ ನಿಲ್ಲಿಸಿದರು. "ನಮ್ಮನೆಯವರ ಎಲೆ ಎಲ್ಲಿ?" ಅಂದೆ. ಊಟಕ್ಕೂ ಸೇರಿಸಿ ದುಡ್ಡು ಕೊಟ್ಟಿದ್ದಾರಲ್ಲ. ಸತ್ತವರಿಗೆ ಎಡೆ ಇಟ್ಟರೆ ಅದನ್ನ ಕಾಗೆ ಮುಟ್ಟಬೇಕು, ಮುಟ್ಟದಿದ್ದರೆ ಅವರಿಗೆ ಏನೋ ಅತೃಪ್ತಿ ಉಳಿದಿದೆ ಅಂತ ನಮ್ಮಲ್ಲಿ ನಂಬಿಕೆ. ಪುಣ್ಯಾತ್ಮನೇ ಎಲೆ ಹಾಕಿ, ಅನ್ನ ಸಾರು ಹಪ್ಪಳ ಬಡಿಸಿ, ದೂರದಲ್ಲಿಟ್ಟು "ಕಾ, ಕಾ" ಅಂತ ಕೂಗಿದ. ಮರದ ಮೇಲೆ ಕಾಗೆಗಳು ಬೇಕಾದಷ್ಟಿದ್ದವು. ಒಂದೂ ಇಳೀಲಿಲ್ಲ.

ಹೇಗೆ ಇಳಿಯುತ್ತವೆ? ನಾನು ಎಲೆಗೆ ಎದುರಾಗಿ ಒಂದು ಕಲ್ಲಿನ ಮೇಲೆ ಕೂತು, ಬಿಸಿಲಿಗೆ ಅಂತ ಕರೀ ಕೊಡೆ ಬಿಚ್ಚಿಕೊಂಡು ತಿರುಗಿಸ್ತಾ ಇದ್ದೆ. ಕೊಡೆ ಅಂದರೆ ಕಾಗೆಗೆ ಪ್ರಾಣಭಯ.

ಬ್ಯಾಂಕಿನವರು ಕೈ ತೊಳ್ಕೊಂಡು ಬಂದು, "ಏನಯ್ಯಾ, ಸಾರ್‌ಗೆ ನಿನ್ನ ಮೇಲೇ ಏನೋ ಇರೋ ಹಾಗಿದೆ. ಬಾಯಿಬಿಟ್ಟು ಮಾತು ಕೊಡು" ಅಂದರು. ಹತ್ತನೇ ದಿನದ ಪಿಂಡವನ್ನ ಕಾಗೆ ಮುಟ್ಟದಿದ್ದಾಗ ಮಕ್ಕಳು ಹಾಗೇ ಮಾಡ್ತಾರೆ, ಸಾಲ ತೀರಿಸ್ತೀನಿ, ಅಮ್ಮನ್ನ ನೋಡ್ಕೋತೀನಿ ಅಂತ ಮಾತು ಕೊಡ್ತಾರೆ. ಪುಣ್ಯಾತ್ಮ ಬೆವರು ಒರೆಸ್ಕೊಂಡು ಮರ ನೋಡ್ತಾ, "ಸಾರ್, ಅರ್ಧ ವಾಪಸ್ ಕೊಡ್ತೀನಿ ಸಾರ್" ಅಂದ.

ನಾನು ಕೊಡೆ ಇನ್ನೊಂದು ಸುತ್ತು ತಿರುಗಿಸಿದೆ.

"ಪೂರ್ತಿ! ಪೂರ್ತಿ ಕೊಡ್ತೀನಿ ಸಾರ್, ನನ್ನ ತಾಯಾಣೆ!"

ಬಿಸಿಲು ಕಡಿಮೆಯಾಯ್ತು ಅಂತ ಕೊಡೆ ಮಡಿಚಿದೆ. ಕಾಗೆಗಳು ಇಳಿದು ಹಪ್ಪಳಕ್ಕೆ ಕಿತ್ತಾಡಿದವು. ಬಸ್ಸಿನವರೆಲ್ಲ ಕೈ ಮುಗಿದರು. ನನಗೆ ಇವತ್ತಿಗೂ ಒಂದು ಚೂರೂ ಪಶ್ಚಾತ್ತಾಪವಿಲ್ಲ.

ಕಾಶಿಯಲ್ಲಿ ದೋಣಿ ಮೇಲಿಂದ ಅವರನ್ನ ಗಂಗೆಗೆ ಬಿಟ್ಟೆ. ಬಿಡೋ ತನಕ ಇದ್ದ ಕೋಪ ಆಮೇಲೆ ಎಲ್ಲಿ ಹೋಯ್ತೋ ಗೊತ್ತಿಲ್ಲ. ಕೈಯಲ್ಲಿ ಬರೀ ಸ್ವೆಟರ್ ಉಳೀತು. ಮೆಟ್ಟಿಲ ಮೇಲೆ ಕೂತು ಗಟ್ಟಿಯಾಗಿ ಅತ್ತೆ.

ವಾಪಸ್ ಹೊರಡೋ ಬೆಳಿಗ್ಗೆ ಪುಣ್ಯಾತ್ಮ ಬಸ್ಸಿನೊಳಗೆ ಬಂದು, ಎಲ್ಲರ ಎದುರಿಗೆ ದುಡ್ಡು ನನ್ನ ಕೈಗಿಟ್ಟ. ಆಮೇಲೆ ಮೆಲ್ಲಗೆ, "ಅಮ್ಮಾ, ಸಾರ್‌ದು ಕ್ಯಾನ್ಸಲ್ ಆಯ್ತಲ್ಲ. ಈಗ ಸೀಟಿಗೆ ಅಜ್ಜೀನ ಕಳಿಸ್ಲಾ? ನನಗೂ ಆ ಮೂಟೆ ಮೇಲೆ ಕೂತು ಸೊಂಟ ಹೋಗಿದೆ" ಅಂದ.

ಕ್ಯಾನ್ಸಲ್ ಅನ್ನೋ ಮಾತು ಎದೆಗೆ ನಾಟಿತು. ಇಷ್ಟು ದಿನ ಹಲ್ಲು ಕಚ್ಚಿ ಗೆದ್ದಿದ್ದು ಇದನ್ನೇನಾ?

ನಾನು ಎದ್ದು ಕಿಟಕಿ ಪಕ್ಕಕ್ಕೆ ಸರಿದು ಕೂತೆ. ನಾನು ಕೂರ್ತಿದ್ದ ಸೀಟಿನ ಮೇಲೆ ಸ್ವೆಟರ್ ಮಡಿಚಿ ಇಟ್ಟೆ. ದುಡ್ಡಲ್ಲಿ ಅರ್ಧ ತೆಗೆದು ಅವನ ಮುಂದೆ ಹಿಡಿದೆ.

"ಬರೋವಾಗಿನ ಸೀಟಿಗೆ ಇದು. ತಗೋ."

ಅವನು ಹಿಂದಕ್ಕೆ ಸರಿದ. "ಅಯ್ಯಯ್ಯೋ, ಖಾಲಿ ಸೀಟಿಗೆ ಹೇಗಮ್ಮಾ ದುಡ್ಡು ತಗೊಳ್ಲಿ?"

"ಪುರಸೈವಾಕ್ಕಂನಲ್ಲಿ ಹೇಗೆ ತಗೊಂಡ್ಯೋ," ಅಂದೆ, "ಹಾಗೇ ತಗೋ."