ಭಾನುವಾರ ನಡೆಯದ ಪಾಸು

ಕಳೆದ ವರ್ಷ ಬೇಸಿಗೆಯಲ್ಲಿ ನಾನು ಚೆನ್ನೈ ಹೊರವಲಯದ ಒಂದು ಥೀಮ್ ಪಾರ್ಕಿನಲ್ಲಿ ‘ಗೆಸ್ಟ್ ರಿಲೇಷನ್ಸ್ ಎಕ್ಸಿಕ್ಯೂಟಿವ್’ ಆಗಿದ್ದೆ. ಅಂದರೆ, ಆಡಿ ದಣಿದು ಹೊರಡುವವರ ದಾರಿಗೆ ಅಡ್ಡ ನಿಂತು ವಾರ್ಷಿಕ ಪಾಸ್ ಮಾರುವವನು. ಪಾಸಿನ ಬೆಲೆ ನಾಲ್ಕು ಟಿಕೆಟ್ಟಿನಷ್ಟು. ಐದನೆಯ ಸಲದಿಂದ ಲಾಭ. ಹಿಂಬದಿಯಲ್ಲಿ ಮಾತ್ರ ಇರುವೆ ಸಾಲಿನಂಥ ಅಕ್ಷರಗಳಲ್ಲಿ ‘ಬ್ಲಾಕ್‌ಔಟ್ ಡೇಟ್ಸ್’: ಭಾನುವಾರ, ಹಬ್ಬ, ಶಾಲೆಯ ರಜೆಗಳಲ್ಲಿ ಪಾಸ್ ನಡೆಯದು. ಮಕ್ಕಳು ಬರಬಹುದಾದ ದಿನ ಬಿಟ್ಟು ಮಿಕ್ಕೆಲ್ಲ ದಿನ ಸುಸ್ವಾಗತ! ಇದನ್ನು ಬರೆದವನ ಬುದ್ಧಿಗಿಷ್ಟು ಬೆಂಕಿ ಹಾಕ. ಮ್ಯಾನೇಜರ್ ಸೆಲ್ವಂ ನನಗೆ ಕಲಿಸಿದ್ದು ಇಷ್ಟೇ: ಕೇಳಿದರೆ ಹೇಳು, ಕೇಳದಿದ್ದರೆ ನಗು.

ನನ್ನ ಬಂಡವಾಳ ನಾಲಿಗೆ. ಚೆನ್ನೈನ ಕನ್ನಡದವರು ಎಷ್ಟು ತಲೆಮಾರಾದರೂ ಮನೆಯಲ್ಲಿ ತಂತಮ್ಮ ಊರಿನ ಮಾತು ಬಿಟ್ಟಿಲ್ಲ. ಅವರು ಎರಡು ಮಾತಾಡುವಷ್ಟರಲ್ಲಿ ನಾನು ಅವರ ಸೋದರಳಿಯ. ಕೋಲಾರದವರಿಗೆ ಕೋಲಾರ, ಮಂಗಳೂರಿನವರಿಗೆ ಮಂಗಳೂರು. ನಾನು ಹುಟ್ಟಿ ಬೆಳೆದದ್ದು ಇಲ್ಲೇ ಚೆನ್ನೈನ ವೇಲಚೇರಿಯಲ್ಲಿ. ಧಾರವಾಡ ನೋಡಿದ್ದು ಪೇಢೆಯ ಡಬ್ಬಿಯ ಮೇಲೆ.

ಒಂದು ಭಾನುವಾರ ರೇಣುಕಾ ಎಂಬವರು ಎಂಟು ವರ್ಷದ ಮಗಳು ಅನುವಿನೊಂದಿಗೆ ಬಂದರು. ಉತ್ತರ ಚೆನ್ನೈನ ಮಣಲಿಯ ಕಾರ್ಖಾನೆಯೊಂದರಲ್ಲಿ ಅವರಿಗೆ ಕೆಲಸ.

“ನನಗ ರವಿವಾರ ಒಂದ ಸೂಟಿ, ತಮ್ಮಾ. ಮುಂದಿನ ತಿಂಗಳ ಇಕಿ ಹುಟ್ಟಿದ ದಿನಾನೂ ರವಿವಾರನ ಬರ್ತದ. ಈ ಪಾಸ್ ತಗೊಂಡ್ರ ನಮಗ ಗಿಟ್ಟತದೇನು?”

ಕೇಳಿಯೇಬಿಟ್ಟಿದ್ದರು. ಆದರೂ ನಾನು ನಕ್ಕೆ.

“ಯಾಕ ಗಿಟ್ಟಂಗಿಲ್ಲ ಅಕ್ಕಾರ? ಐದ ಸಲ ಬಂದ್ರ ಮುಗೀತು!”

“ನಮ್ಮ ಕಡೀ ಹುಡುಗ! ಇನ್ನೇನ ಓದೂದು,” ಎಂದು ತಿರುಗಿಸಿಯೂ ನೋಡದೆ ಎರಡು ಪಾಸ್ ಕೊಂಡರು. ಆ ವಾರ ಅತಿ ಹೆಚ್ಚು ಮಾರಿದವನು ನಾನೇ. ಸಹೋದ್ಯೋಗಿಗಳ ಚಪ್ಪಾಳೆಗೆ ಬಗ್ಗಿ ನಮಸ್ಕಾರ ಬೇರೆ ಮಾಡಿದೆ, ಕತ್ತೆ ನಾನು.

ಹುಟ್ಟುಹಬ್ಬದ ದಿನ ಅನು ಹೊಸ ಫ್ರಾಕು ತೊಟ್ಟು ಬಂದಳು. ಗೇಟಿನ ಯಂತ್ರ ಕೆಂಪು ದೀಪ ತೋರಿಸಿತು. ಕಾವಲಿನ ಮುರುಗನ್ ಕೈ ಅಡ್ಡ ಹಿಡಿದ. ರೇಣುಕಾ ನನ್ನನ್ನು ನೋಡಿದರು; ಕೂಗಾಡಲಿಲ್ಲ.

“ನಿನ್ನ ಕೇಳಿದ್ದೆನಲ್ಲೋ, ತಮ್ಮಾ.”

ಅನು ತಾಯಿಯ ಕೈ ಎಳೆದಳು. “ಪರವಾಯಿಲ್ಲಮ್ಮಾ, ವೀಟ್ಟುಕ್ಕು ಪೋಲಾಂ.” ಮನೆಗೆ ಹೋಗೋಣವೆಂದು ಮಗುವೇ ತಾಯಿಯನ್ನು ಸಮಾಧಾನಪಡಿಸುತ್ತಿತ್ತು!

ಸೆಲ್ವಂಗೆ ಫೋನ್ ಮಾಡಿದೆ. “ರೂಲ್ ಅಂದ್ರೆ ರೂಲ್. ಬೇಕಾದ್ರೆ ಟಿಕೆಟ್ ತಗೊಳ್ಳಲಿ,” ಎಂದು ಇಟ್ಟುಬಿಟ್ಟ.

ಪಿತ್ತ ನೆತ್ತಿಗೇರಿತು. ಗೋಡೆಯ ಮರೆಗೆ ಹೋಗಿ, ವಾಕಿಟಾಕಿಯಲ್ಲಿ ಸೆಲ್ವಂನ ಮೂಗುದನಿ ತೆಗೆದು, ಅವನದೇ ಒಣಕೆಮ್ಮನ್ನೂ ಸೇರಿಸಿ, ಹುಟ್ಟುಹಬ್ಬದ ಮಗುವನ್ನು ಒಳಗೆ ಬಿಡುವಂತೆ ಅಪ್ಪಣೆ ಕೊಟ್ಟೆ: “ಮುರುಗಾ, ಅಂದ ಬರ್ತ್‌ಡೇ ಪಾಪಾವೈ ಉಳ್ಳೆ ವಿಡು.”

“ಓಕೆ ಸಾರ್!” ತಾಯಿ ಮಗಳು ಒಳಗೆ ಹೋದರು.

ಆದರೆ ನಿಜವಾದ ಸೆಲ್ವಂನ ಸೊಂಟದಲ್ಲೂ ಒಂದು ವಾಕಿಟಾಕಿ ಇತ್ತು. ತನ್ನ ದನಿ ತನ್ನನ್ನೇ ಕೇಳದೆ ಔದಾರ್ಯ ತೋರಿದ್ದನ್ನು ಕೇಳಿ ಮನುಷ್ಯ ಓಡೋಡಿ ಬಂದ. ಸಂಜೆಯೊಳಗೆ ನನ್ನ ಐಡಿ ಕಾರ್ಡು ಅವನ ಮೇಜಿನ ಮೇಲಿತ್ತು.

ಬಸ್ ಸ್ಟಾಪಿನಲ್ಲಿ ರೇಣುಕಾ ಸಿಕ್ಕರು. “ಖರೇ ಹೇಳು, ಯಾವ ಊರು ನಿಂದು?”

“ವೇಲಚೇರಿ, ಅಕ್ಕ. ಆ ಪಾಸು ನಿಮಗೆ ದಂಡ ಅಂತ ಅವತ್ತೇ ಗೊತ್ತಿತ್ತು,” ಎಂದೆ, ನನ್ನದೇ ದನಿಯಲ್ಲಿ.

ಅವರು ಮಗಳನ್ನು ಆಚೆ ಬದಿಗೆ ಸರಿಸಿಕೊಂಡು ನಿಂತರು. ಕ್ಷಮಿಸಲಿಲ್ಲ. ಯಾಕೆ ಕ್ಷಮಿಸಬೇಕು?

ಆ ಕೆಲಸ ಕಲಿಸಿದ್ದನ್ನು ಹೇಳುತ್ತೇನೆ. ಎಷ್ಟು ಸಲ ಹೋದರೆ ಲಾಭ ಎಂದು ಲೆಕ್ಕ ಹಾಕಬೇಡಿ; ನಿಮ್ಮ ರಜೆಯ ದಿನ ಗೇಟು ತೆರೆಯುತ್ತದೆಯೇ ಕೇಳಿ. ಮಾರುವವನು ನಿಮ್ಮ ತವರಿನ ಮಾತನ್ನೇ ಆಡಿದರೆ, ಹಿಂಬದಿಯನ್ನು ಎರಡು ಸಲ ಓದಿ. ಅವನು ಓದಿಯೇ ಇರುತ್ತಾನೆ. ನಾನೂ ಓದಿದ್ದೆ.